ಸಿಲಿಂಡರ್ ದುಂಡಗಿರಬೇಕು, ಕ್ರ್ಯಾಂಕ್ ಸಾಲು ನೇರವಿರಬೇಕು: ಕಾರಿನ ಎಂಜಿನ್ ಬ್ಲಾಕ್ ತಯಾರಾಗುವ ಬಗೆ

ಎಂಜಿನ್‌ನಲ್ಲಿ ಓಡಾಡುವ ಭಾಗಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಿಸ್ಟನ್, ಟರ್ಬೊ, ವಾಲ್ವ್, ಇಂಜೆಕ್ಟರ್. ಸಿಲಿಂಡರ್‌ಗಳೂ ಕ್ರ್ಯಾಂಕೂ ಕೂರುವ ದೊಡ್ಡ ಲೋಹದ ಎರಕವಾದ ಬ್ಲಾಕ್ ಮಾತ್ರ ಜಾಹೀರಾತಿನಲ್ಲಿ ಬರುವುದಿಲ್ಲ, ಶೋರೂಮಿನವರ ಬಾಯಲ್ಲೂ ಬರುವುದಿಲ್ಲ. ಬಾನೆಟ್ ಎತ್ತಿದರೂ ಪ್ಲಾಸ್ಟಿಕ್ ಕವರ್, ಹೋಸ್, ವೈರಿಂಗ್‌ಗಳ ಹಿಂದೆ ಅದು ಅಡಗಿರುತ್ತದೆ. ಅಲ್ಲಾಡದೆ ಕೂತಿರುವುದೇ ಅದರ ಕೆಲಸ. ಹಾಗೆ ಕೂತಿರುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಲೆಕ್ಕ ಹಾಕಿ ನೋಡಿ.

ಮಾರುತಿ ಸ್ವಿಫ್ಟ್‌ನಲ್ಲಿ ಬಹಳ ವರ್ಷ ಬಂದ 1.2 ಲೀಟರ್ ಕೆ-ಸರಣಿ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳೋಣ. ಸಿಲಿಂಡರಿನ ವ್ಯಾಸ 73 ಮಿ.ಮೀ. ಅಂದರೆ ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 42 ಚದರ ಸೆಂ.ಮೀ. ಪೆಟ್ರೋಲ್ ಹೊತ್ತಿಕೊಂಡ ಕ್ಷಣದಲ್ಲಿ ಒಳಗಿನ ಒತ್ತಡ 70 ಬಾರ್ ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು 3 ಟನ್. ಅಷ್ಟೇ ಬಲ ಮೇಲ್ಮುಖವಾಗಿ, ಸಿಲಿಂಡರ್‌ಗಳ ಮುಚ್ಚಳವಾದ ಸಿಲಿಂಡರ್ ಹೆಡ್ಡನ್ನು ಕಿತ್ತೆಸೆಯಲು ನೋಡುತ್ತದೆ. ಹೆಡ್ ಮೇಲಕ್ಕೆ, ಪಿಸ್ಟನ್‌ಗಳ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟ್ ಕೆಳಕ್ಕೆ ಹೋಗಲು ಹವಣಿಸುವಾಗ ನಡುವೆ ಎರಡನ್ನೂ ಹಿಡಿದುಕೊಂಡಿರುವುದು ಬ್ಲಾಕ್. 6000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಸಲ ಈ ಜಗ್ಗಾಟ ನಡೆಯುತ್ತದೆ, ಅದೂ ಕಾರು ಲಕ್ಷಾಂತರ ಕಿ.ಮೀ. ಓಡುವಷ್ಟು ಕಾಲ.

ಅದೇ ಸ್ವಿಫ್ಟ್‌ಗೆ 2007ರಲ್ಲಿ 1.3 ಲೀಟರ್ ಡೀಸೆಲ್ ಎಂಜಿನ್ ಬಂತು. ಅದು ಫಿಯೆಟ್‌ನ ಮಲ್ಟಿಜೆಟ್. ಟಾಟಾ ಕಾರುಗಳಲ್ಲೂ ಓಡಿದ್ದು ಇದೇ. ಅದರ ಬೋರ್, ಅಂದರೆ ಸಿಲಿಂಡರಿನ ವ್ಯಾಸ, ಇನ್ನೂ ಚಿಕ್ಕದು, 69.6 ಮಿ.ಮೀ. ಆದರೆ ಡೀಸೆಲ್‌ನಲ್ಲಿ 160 ಬಾರ್‌ನಷ್ಟು ಒತ್ತಡ ಸಾಮಾನ್ಯ. ಬಲ ಸುಮಾರು 6 ಟನ್‌ಗೆ ಏರುತ್ತದೆ. ಒಂದೇ ಕಾರು, ಒಂದೇ ಬಾನೆಟ್. ಪೆಟ್ರೋಲ್ ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ, ಡೀಸೆಲ್‌ನದು ಎರಕದ ಕಬ್ಬಿಣ. ಹೀಗೇಕೆ ಅನ್ನುವುದು ಮುಂದೆ ಬರುತ್ತದೆ.

ಇಷ್ಟು ಹೊಡೆತ ತಿನ್ನುತ್ತಲೇ ಬ್ಲಾಕ್ ಎರಡು ಸಂಗತಿಗಳನ್ನು ಕಾಪಾಡಿಕೊಳ್ಳಬೇಕು. ಪಿಸ್ಟನ್ ಓಡಾಡುವ ಸಿಲಿಂಡರ್ ಬೋರ್ ದುಂಡಗೇ ಇರಬೇಕು. ಕ್ರ್ಯಾಂಕ್‌ಶಾಫ್ಟ್ ಕೂರುವ ಮೇನ್ ಬೇರಿಂಗ್‌ಗಳು ಒಂದೇ ಗೆರೆಯಲ್ಲಿರಬೇಕು. ಬೋರ್ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿದರೂ ಪಿಸ್ಟನ್ ಸುತ್ತಲಿನ ಬಳೆ, ಅಂದರೆ ಪಿಸ್ಟನ್ ರಿಂಗ್, ಗೋಡೆಗೆ ಸರಿಯಾಗಿ ತಾಗಿ ಕೂರುವುದಿಲ್ಲ. ಮೇಲಿನ ಗ್ಯಾಸ್ ಕೆಳಗಿಳಿಯುತ್ತದೆ, ಕೆಳಗಿನ ಆಯಿಲ್ ಮೇಲೇರಿ ಉರಿಯುತ್ತದೆ. ಗ್ಯಾರೇಜಿನಲ್ಲಿ ‘ಗಾಡಿ ಆಯಿಲ್ ಕುಡೀತಿದೆ’ ಅಂದಾಗ ಬಹಳ ಸಲ ಒಳಗಿನ ಕಥೆ ಇದೇ. ಬೇರಿಂಗ್ ಸಾಲು ವಕ್ರವಾದರೆ ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಇರುವ ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬ್ಲಾಕಿನ ವಿನ್ಯಾಸ, ಲೋಹದ ಆಯ್ಕೆ, ಎರಕ, ಬೋರನ್ನು ಸಾಣೆ ಕಲ್ಲಿನಲ್ಲಿ ಉಜ್ಜುವ ಕೊನೆಯ ಹೋನಿಂಗ್ ಎಲ್ಲದರ ಹಿಂದೆ ಇರುವುದು ಈ ಎರಡೇ ಬೇಡಿಕೆಗಳು. ಮೇಜಿನ ಮೇಲಿಟ್ಟು ಅಳೆದಾಗ ದುಂಡಗಿದ್ದರೆ ಸಾಲದು. ಹೆಡ್ ಬಿಗಿದು, ಎಂಜಿನ್ ಕಾದು, ಘಾಟಿ ಏರುತ್ತಿರುವಾಗ ದುಂಡಗಿರಬೇಕು. ಕಷ್ಟ ಇರುವುದೇ ಅಲ್ಲಿ.

ಬೋಲ್ಟ್ ಬಿಗಿದರೆ ಬೋರ್ ಬಗ್ಗುತ್ತದೆ

3 ಟನ್ ಬಲಕ್ಕೆ ಹೆಡ್ ಮೇಲೇಳಬಾರದು, ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಹಾಳೆಯಾದ ಗ್ಯಾಸ್ಕೆಟ್ ಸೋರಬಾರದು. ಅದಕ್ಕಾಗಿ ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಸಾಮಾನ್ಯವಾಗಿ 10 ಹೆಡ್ ಬೋಲ್ಟ್‌ಗಳಿರುತ್ತವೆ, ಒಂದೊಂದು ಸಿಲಿಂಡರಿನ ಸುತ್ತ ನಾಲ್ಕು. ಪ್ರತಿ ಬೋಲ್ಟ್ 3ರಿಂದ 5 ಟನ್ ಬಲದಲ್ಲಿ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುತ್ತದೆ. ಎಂಜಿನ್ ಇನ್ನೂ ಒಮ್ಮೆಯೂ ಸ್ಟಾರ್ಟ್ ಆಗಿರುವುದಿಲ್ಲ, ಆಗಲೇ ಬ್ಲಾಕಿನ ಮೇಲೆ ಹತ್ತಾರು ಟನ್ ಬಿಗಿತ ಬಿದ್ದಿರುತ್ತದೆ. ಸ್ಟೀಲ್ ಲೋಟದ ಬಾಯನ್ನು ನಾಲ್ಕು ಕಡೆಯಿಂದ ಬೆರಳಲ್ಲಿ ಒತ್ತಿದಂತೆ, ಬೋರ್ ನಾಲ್ಕು ಮೂಲೆಗಳತ್ತ ಎಳೆದುಕೊಂಡು ಹೂವಿನ ದಳದ ಆಕಾರಕ್ಕೆ ತಿರುಗುತ್ತದೆ. ಈ ಬಾಗು ಕಣ್ಣಿಗೆ ಕಾಣುವಂಥದ್ದೇನೂ ಅಲ್ಲ, ಮೈಕ್ರಾನ್‌ಗಳ ಲೆಕ್ಕ. ಆದರೆ ಪಿಸ್ಟನ್ ರಿಂಗ್ ಬದುಕುವುದೂ ಮೈಕ್ರಾನ್‌ಗಳ ಲೋಕದಲ್ಲೇ.

ಇದಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಬೋಲ್ಟಿನ ಥ್ರೆಡ್ಡನ್ನು ಬ್ಲಾಕಿನ ಮೇಲ್ಮೈಯಿಂದಲೇ ಶುರು ಮಾಡುವುದಿಲ್ಲ. ರಂಧ್ರವನ್ನು ಸಾಕಷ್ಟು ಆಳದವರೆಗೆ ಬರಿದೇ ಬಿಟ್ಟು, ಥ್ರೆಡ್ ಹಿಡಿಯುವುದು ಕೆಳಗೆ. ಆಗ ಎಳೆತ ಹುಟ್ಟುವ ಜಾಗ ಬೋರಿನ ಮೇಲ್ಭಾಗದಿಂದ ದೂರ ಸರಿಯುತ್ತದೆ. ರಿಂಗ್‌ಗಳಿಗೆ ಅತಿ ಹೆಚ್ಚು ಒತ್ತಡ, ಶಾಖ ಬೀಳುವುದು ಮೇಲ್ಭಾಗದಲ್ಲೇ ಆದ್ದರಿಂದ ಅಲ್ಲಿ ಬೋರ್ ನೆಮ್ಮದಿಯಾಗಿರುವುದು ಮುಖ್ಯ. ಬೋಲ್ಟಿನ ಕಂಬಗಳನ್ನೂ ಸಿಲಿಂಡರ್ ಗೋಡೆಗಿಂತ ಹೆಚ್ಚಾಗಿ ಬ್ಲಾಕಿನ ಹೊರಗೋಡೆಗೆ ಕೂಡಿಸುತ್ತಾರೆ. ಬಲ ಹೊರಗೋಡೆಯ ಮೂಲಕ ನೇರ ಕೆಳಗಿಳಿದು ಕ್ರ್ಯಾಂಕಿನ ಬೇರಿಂಗ್ ಗೋಡೆಗಳಿಗೆ ಸೇರಬೇಕು, ಸಿಲಿಂಡರ್ ಆ ದಾರಿಯಿಂದ ಆದಷ್ಟು ದೂರ ಇರಬೇಕು ಎನ್ನುವುದು ಲೆಕ್ಕ.

ಕೆಳಗಡೆ ಕ್ರ್ಯಾಂಕ್ ಕೂರುವ ಜಾಗದಲ್ಲಿ ಬ್ಲಾಕಿಗೆ ಅಡ್ಡಗೋಡೆಗಳಿರುತ್ತವೆ, ನಾಲ್ಕು ಸಿಲಿಂಡರಿಗೆ ಐದು. ಒಂದೊಂದರಲ್ಲೂ ಅರ್ಧ ವೃತ್ತ. ಉಳಿದ ಅರ್ಧ ಕೆಳಗಿನಿಂದ ಬೋಲ್ಟ್ ಹಾಕುವ ಕ್ಯಾಪ್‌ನಲ್ಲಿ. ಬಹಳಷ್ಟು ಈಗಿನ ಎಂಜಿನ್‌ಗಳಲ್ಲಿ ಐದು ಬಿಡಿ ಕ್ಯಾಪ್‌ಗಳ ಬದಲು ಎಲ್ಲ ಕ್ಯಾಪ್‌ಗಳನ್ನೂ ಸೇರಿಸಿದ ಒಂದೇ ಚೌಕಟ್ಟು ಇರುತ್ತದೆ, ಅದಕ್ಕೆ ಬೆಡ್‌ಪ್ಲೇಟ್ ಅನ್ನುತ್ತಾರೆ. ಬ್ಲಾಕಿನ ಕೆಳಭಾಗ ತಿರುಚಿಕೊಳ್ಳುವುದನ್ನು ಅದು ತಡೆಯುತ್ತದೆ, ಶಬ್ದವನ್ನೂ ಇಳಿಸುತ್ತದೆ. ಬ್ಲಾಕಿನ ಹೊರಮೈಯಲ್ಲಿ ಎದ್ದು ಕಾಣುವ ಪಟ್ಟಿಗಳೂ ಅಂದಕ್ಕಾಗಿ ಇರುವಂಥವಲ್ಲ. ಚಪ್ಪಟೆ ಗೋಡೆ ನಡುಗಿ ಶಬ್ದ ಮಾಡುತ್ತದೆ; ಪಟ್ಟಿ ಹಾಕಿದರೆ ಬಿಗಿಯಾಗುತ್ತದೆ. ಎಲ್ಲಿ ಎಷ್ಟು ಪಟ್ಟಿ ಬೇಕು ಅನ್ನುವುದನ್ನು ಈಗ ಕಂಪ್ಯೂಟರ್‌ನಲ್ಲಿ ಬ್ಲಾಕನ್ನು ಲಕ್ಷಾಂತರ ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕಿ ನಿರ್ಧರಿಸುತ್ತಾರೆ.

ಬೋರ್ ಬದಲಾಗದು, ಸ್ಟ್ರೋಕ್ ಬದಲಾಗುತ್ತದೆ

ಒಂದು ಸಿಲಿಂಡರಿನ ನಡುಬಿಂದುವಿನಿಂದ ಪಕ್ಕದ ಸಿಲಿಂಡರಿನ ನಡುಬಿಂದುವಿಗೆ ಇರುವ ದೂರ, ಅಂದರೆ ಬೋರ್ ಪಿಚ್, ಬ್ಲಾಕಿನ ನಕ್ಷೆಯಲ್ಲಿ ಮೊದಲು ನಿರ್ಧಾರವಾಗುವ ಅಳತೆಗಳಲ್ಲಿ ಒಂದು. ಅದು ಹೆಚ್ಚಿದಷ್ಟೂ ಎಂಜಿನ್ ಉದ್ದವಾಗುತ್ತದೆ. ಚಿಕ್ಕ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂರುವುದರಿಂದ ಅದರ ಉದ್ದ ಎರಡು ಮುಂಚಕ್ರಗಳ ನಡುವೆ ಹಿಡಿಸಬೇಕು. ಹಾಗಾಗಿ ಸಿಲಿಂಡರ್‌ಗಳನ್ನು ಒತ್ತೊತ್ತಾಗಿ ಇಡುತ್ತಾರೆ, ಹಲವು ಸಲ ಅವುಗಳ ನಡುವೆ ನೀರು ಹರಿಯಲೂ ಜಾಗ ಉಳಿಯುವುದಿಲ್ಲ. ಎರಡು ಬೋರ್‌ಗಳ ನಡುವಿನ ಆ ಕಿರಿದಾದ ಲೋಹದ ಸೇತುವೆ ಇಡೀ ಬ್ಲಾಕಿನಲ್ಲೇ ಹೆಚ್ಚು ಕಾಯುವ ಜಾಗಗಳಲ್ಲಿ ಒಂದು. ಕೆಲವು ಎಂಜಿನ್‌ಗಳಲ್ಲಿ ಆ ಸೇತುವೆಯ ತಲೆಯಲ್ಲಿ ಒಂದೂವರೆ ಮಿ.ಮೀ.ನಷ್ಟು ಸಣ್ಣ ಗರಗಸದ ಗೀಟು ಹಾಕಿ ಕೂಲಂಟ್ ಹಾಯಿಸುತ್ತಾರೆ. ಹೆಡ್ ಗ್ಯಾಸ್ಕೆಟ್ ಹೋದಾಗ ಎರಡು ಸಿಲಿಂಡರಿನ ನಡುವೆಯೇ ಸುಟ್ಟಿರುವುದನ್ನು ಮೆಕ್ಯಾನಿಕ್‌ಗಳು ತೋರಿಸುವುದುಂಟು. ಆ ಜಾಗಕ್ಕೆ ಅಷ್ಟು ಶಾಖ, ಅಷ್ಟು ಕಡಿಮೆ ಅಗಲ.

ಬೋರ್ ಪಿಚ್ ಒಮ್ಮೆ ನಿಂತರೆ ಕಾರ್ಖಾನೆಯ ಯಂತ್ರಗಳೂ ಅದಕ್ಕೇ ಹೊಂದಿಕೊಳ್ಳುತ್ತವೆ. ಆಮೇಲೆ ಬದಲಾಯಿಸುವುದು ಬಲು ದುಬಾರಿ. ಅದಕ್ಕೇ ಒಂದೇ ಕುಟುಂಬದ ಎಂಜಿನ್‌ಗಳಲ್ಲಿ ಬೋರ್ ಹಾಗೇ ಉಳಿದು ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, ಬದಲಾಗುತ್ತದೆ. ಮಾರುತಿಯ ಕೆ-ಸರಣಿ ನೋಡಿ: 998 ಸಿಸಿಯ ಮೂರು ಸಿಲಿಂಡರ್, 1197 ಸಿಸಿಯ ನಾಲ್ಕು ಸಿಲಿಂಡರ್, 1373 ಸಿಸಿಯ ನಾಲ್ಕು ಸಿಲಿಂಡರ್, ಮೂರಕ್ಕೂ ಬೋರ್ 73 ಮಿ.ಮೀ. ಸ್ಟ್ರೋಕ್ ಮಾತ್ರ 79.5, 71.5, 82. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ತಯಾರಾಗುವ ಟೊಯೋಟಾದ ಜಿಡಿ ಡೀಸೆಲ್ ಎಂಜಿನ್‌ನಲ್ಲೂ ಇದೇ ಕಥೆ. ಇನ್ನೋವಾ ಕ್ರಿಸ್ಟಾದ 2.4 ಲೀಟರ್, ಫಾರ್ಚೂನರ್‌ನ 2.8 ಲೀಟರ್ ಎರಡರ ಬೋರ್ ಕೂಡ 92 ಮಿ.ಮೀ.; ಸ್ಟ್ರೋಕ್ 90 ಮತ್ತು 103.6. ಆ ಬೋರ್‌ನಲ್ಲಿ 160 ಬಾರ್ ಎಂದು ಹಿಡಿದರೆ ಪಿಸ್ಟನ್ ಮೇಲಿನ ಬಲ 10 ಟನ್ ದಾಟುತ್ತದೆ. ಅದರ ಬ್ಲಾಕ್ ಎರಕದ ಕಬ್ಬಿಣ.

ಕಬ್ಬಿಣವೋ ಅಲ್ಯೂಮಿನಿಯಮ್ಮೋ

ಎರಕದ ಕಬ್ಬಿಣವನ್ನು ಹಳೆಯ ಕಾಲದ ಲೋಹ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದರಲ್ಲಿ ಶೇ. 3ಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ, ಆ ಇಂಗಾಲದ ಬಹುಪಾಲು ಗ್ರಾಫೈಟ್‌ನ ಸಣ್ಣ ಸಣ್ಣ ಚಕ್ಕೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಈ ಚಕ್ಕೆಗಳು ನಡುಕವನ್ನು ಹೀರಿಕೊಳ್ಳುತ್ತವೆ. ಡೀಸೆಲ್‌ನ ಕಟಕಟ ಸದ್ದು ಕ್ಯಾಬಿನ್‌ವರೆಗೆ ಬರದಂತೆ ತಡೆಯುವುದರಲ್ಲಿ ಅವುಗಳ ಪಾಲಿದೆ. ಪಿಸ್ಟನ್ ರಿಂಗ್ ಉಜ್ಜುವ ಗೋಡೆಯಲ್ಲಿ ಅವೇ ಒಣ ಲೂಬ್ರಿಕೆಂಟ್‌ನ ಕೆಲಸ ಮಾಡುತ್ತವೆ, ಆಯಿಲ್ ಹಿಡಿದಿಟ್ಟುಕೊಳ್ಳಲು ಜಾಗ ಕೊಡುತ್ತವೆ. ಬೆಲೆ ಕಡಿಮೆ, ಎರಕಕ್ಕೆ ಸಲೀಸು, ಮಷಿನಿಂಗ್ ಸಲೀಸು, ಸವೆದರೆ ಮತ್ತೆ ಬೋರ್ ಮಾಡಿಸಬಹುದು. ದೋಷ ಒಂದೇ, ತೂಕ.

ಅಲ್ಯೂಮಿನಿಯಂ ಸಾಂದ್ರತೆ ಕಬ್ಬಿಣದ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಆದರೆ ಬ್ಲಾಕಿನ ತೂಕ ಅಷ್ಟಕ್ಕೆ ಇಳಿಯುವುದಿಲ್ಲ. ಅಲ್ಯೂಮಿನಿಯಂ ಅಷ್ಟು ಬಿಗಿ ಲೋಹವಲ್ಲವಾದ್ದರಿಂದ ಗೋಡೆಗಳನ್ನು ದಪ್ಪ ಮಾಡಬೇಕು. ಆದರೂ ಸುಮಾರು ಅರ್ಧದ ಆಸುಪಾಸಿಗೆ ಬರುತ್ತದೆ, ಶಾಖವನ್ನೂ ಬೇಗ ಸಾಗಿಸುತ್ತದೆ. ತೊಂದರೆ ಏನೆಂದರೆ ಅದು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಕ್ರ್ಯಾಂಕ್‌ಶಾಫ್ಟ್ ಉಕ್ಕಿನದು ಅಥವಾ ಕಬ್ಬಿಣದ್ದು, ಬ್ಲಾಕ್ ಅಲ್ಯೂಮಿನಿಯಮ್ಮಿನದು ಆದಾಗ ಎಂಜಿನ್ ಕಾದಂತೆಲ್ಲ ಬೇರಿಂಗ್ ಸಡಿಲವಾಗುತ್ತಾ ಹೋಗುತ್ತದೆ. ಕೆಲವರು ಬೆಡ್‌ಪ್ಲೇಟ್‌ನೊಳಗೆ ಕಬ್ಬಿಣದ ತುಂಡುಗಳನ್ನಿಟ್ಟು ಎರಕ ಹೊಯ್ಯುವುದು ಇದಕ್ಕಾಗಿ. ಇನ್ನೊಂದು ತೊಂದರೆ, ಬರಿ ಅಲ್ಯೂಮಿನಿಯಂ ಗೋಡೆಯ ಮೇಲೆ ಪಿಸ್ಟನ್ ಉಜ್ಜಿದರೆ ಗೋಡೆ ಉಳಿಯುವುದಿಲ್ಲ. ಹಾಗಾಗಿ ಬಹುಪಾಲು ಅಲ್ಯೂಮಿನಿಯಂ ಬ್ಲಾಕ್‌ಗಳ ಒಳಗೆ ಎರಕದ ಕಬ್ಬಿಣದ ತೆಳು ಕೊಳವೆ, ಅಂದರೆ ಲೈನರ್, ಇರುತ್ತದೆ.

ಲೈನರ್ ಇಲ್ಲದೆ ಮಾಡಲು ಹೋದವರ ಕಥೆಗಳು ದುಬಾರಿ ಪಾಠಗಳು. ಅಮೆರಿಕದ ಜನರಲ್ ಮೋಟರ್ಸ್ 1970ರಲ್ಲಿ ಷೆವ್ರೊಲೆ ವೇಗಾ ಕಾರಿಗೆ ಶೇ. 17ರಷ್ಟು ಸಿಲಿಕಾನ್ ಇರುವ ಅಲ್ಯೂಮಿನಿಯಂ ಬ್ಲಾಕ್ ಹಾಕಿತು. ಬೋರಿನ ಮೇಲ್ಮೈಯಲ್ಲಿ ಅಲ್ಯೂಮಿನಿಯಮ್ಮನ್ನು ಸ್ವಲ್ಪ ಕರಗಿಸಿ ತೆಗೆದು, ಗಟ್ಟಿ ಸಿಲಿಕಾನ್ ಹರಳುಗಳು ಹೊರಗೆ ಕಾಣುವಂತೆ ಮಾಡಿದ್ದರು. ಪಿಸ್ಟನ್ ಅವುಗಳ ಮೇಲೆ ಜಾರಬೇಕಿತ್ತು. ವಿಚಾರ ಸೊಗಸಾಗಿತ್ತು. ಆದರೆ ಎಂಜಿನ್ ಅತಿಯಾಗಿ ಕಾದರೆ ಬ್ಲಾಕ್ ತಿರುಚಿಕೊಳ್ಳುತ್ತಿತ್ತು, ಗ್ಯಾಸ್ಕೆಟ್ ಸೋರುತ್ತಿತ್ತು, ಆಯಿಲ್ ಉರಿಯುತ್ತಿತ್ತು. ಕಾರಿನ ಹೆಸರು ಹಾಳಾಯಿತು. 1990ರ ದಶಕದಲ್ಲಿ ಬಿಎಂಡಬ್ಲ್ಯು ತನ್ನ ಕೆಲವು ಎಂಜಿನ್‌ಗಳ ಬೋರಿಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ನಿಕಾಸಿಲ್ ಲೇಪ ಕೊಟ್ಟಿತು. ಗಂಧಕ ಹೆಚ್ಚಿದ್ದ ಪೆಟ್ರೋಲ್ ಸಿಕ್ಕ ಕಡೆಗಳಲ್ಲಿ ಆ ಲೇಪ ಕೊರೆದುಹೋಯಿತು. ಈಗಿನ ಉಪಾಯ ಬೇರೆ: ಕರಗಿದ ಉಕ್ಕನ್ನು ಪ್ಲಾಸ್ಮಾ ಇಲ್ಲವೇ ವಿದ್ಯುತ್ ಆರ್ಕ್‌ನಿಂದ ಬೋರಿನ ಗೋಡೆಗೆ ಸಿಂಪಡಿಸುತ್ತಾರೆ. ಒಂದೆರಡು ಮಿ.ಮೀ. ದಪ್ಪದ ಲೈನರ್ ಬದಲು ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟೇ ತೆಳುವಾದ ಪದರ ಸಾಕಾಗುತ್ತದೆ. ಫೋರ್ಡ್, ನಿಸ್ಸಾನ್, ಮರ್ಸಿಡಿಸ್ ಇದನ್ನು ಬಳಸಿವೆ.

ಡೀಸೆಲ್‌ನವರಲ್ಲಿ ಬಹಳಷ್ಟು ಮಂದಿ ಕಬ್ಬಿಣವನ್ನು ಬಿಡಲಿಲ್ಲ. 6 ಟನ್, 10 ಟನ್ ಬಲ ತಡೆಯಲು ಅದೇ ಸುಲಭದ ದಾರಿ. ಅವರು ಕಬ್ಬಿಣವನ್ನೇ ಸುಧಾರಿಸಿದರು. ಕರಗಿದ ಕಬ್ಬಿಣಕ್ಕೆ ಅತಿ ಸಣ್ಣ ಪ್ರಮಾಣದ ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಚೂಪಾದ ಚಕ್ಕೆಗಳಾಗುವ ಬದಲು ಮೊಂಡು ತುದಿಯ ಹುಳುವಿನ ಆಕಾರ ತಾಳುತ್ತದೆ. ಚೂಪು ತುದಿ ಇಲ್ಲದಿದ್ದರೆ ಬಿರುಕು ಹುಟ್ಟುವುದು ಕಡಿಮೆ. ಕಾಂಪ್ಯಾಕ್ಟೆಡ್ ಗ್ರಾಫೈಟ್ ಕಬ್ಬಿಣ ಎನ್ನುವ ಇದರ ಎಳೆತ ತಡೆಯುವ ಶಕ್ತಿ ಮಾಮೂಲಿ ಎರಕದ ಕಬ್ಬಿಣಕ್ಕಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು. ಆದರೆ ಮೆಗ್ನೀಸಿಯಂ ಶೇ. 0.01ರಿಂದ 0.02ರ ಇಕ್ಕಟ್ಟಿನಲ್ಲೇ ನಿಲ್ಲಬೇಕು. ತುಸು ಕಡಿಮೆಯಾದರೆ ಮತ್ತೆ ಚಕ್ಕೆ, ತುಸು ಹೆಚ್ಚಾದರೆ ಗುಂಡು. ಮೇಲಾಗಿ, ಕರಗಿದ ಲೋಹ ಹೊರುವ ಪಾತ್ರೆಯಾದ ಲ್ಯಾಡಲ್‌ನಲ್ಲಿ ಕಬ್ಬಿಣ ಕಾಯುತ್ತಿರುವಾಗಲೇ ಮೆಗ್ನೀಸಿಯಂ ಆವಿಯಾಗಿ, ಆಕ್ಸಿಜನ್ ಜೊತೆ ಸೇರಿ ಕಡಿಮೆಯಾಗುತ್ತಿರುತ್ತದೆ. ಈ ಲೋಹ ಗೊತ್ತಿದ್ದು ದಶಕಗಳಾದರೂ ಕಾರಿನ ಬ್ಲಾಕಿಗೆ ಬರಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಗಿದ್ದು ಇದರಿಂದಲೇ. ಪ್ರತಿ ಲ್ಯಾಡಲ್‌ನ ಮಾದರಿ ತೆಗೆದು ಅದು ತಣಿಯುವ ಬಗೆಯನ್ನು ಅಳೆದು, ಕೂಡಲೇ ತಿದ್ದುವ ಉಪಕರಣಗಳು ಬಂದ ಮೇಲಷ್ಟೇ ಅದು ಸಾಧ್ಯವಾಯಿತು.

ಮೊದಲು ಖಾಲಿ ಜಾಗವನ್ನು ಮಾಡಬೇಕು

ಇಲ್ಲಿಂದ ಫೌಂಡ್ರಿಯ, ಅಂದರೆ ಎರಕದ ಕಾರ್ಖಾನೆಯ ಕೆಲಸ. ನನ್ನ ಕಣ್ಣಿಗೆ ಬ್ಲಾಕ್ ತಯಾರಿಕೆಯ ಹೃದಯ ಇದೇ. ಬ್ಲಾಕನ್ನು ಅಡ್ಡ ಕೊಯ್ದು ನೋಡಿದರೆ ಲೋಹಕ್ಕಿಂತ ಖಾಲಿ ಜಾಗವೇ ಹೆಚ್ಚು: ಸಿಲಿಂಡರ್‌ಗಳು, ಅವುಗಳ ಸುತ್ತ ಕೂಲಂಟ್ ಹರಿಯುವ ವಾಟರ್ ಜಾಕೆಟ್, ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಗಳು, ಆಯಿಲ್ ಇಳಿಯುವ ದಾರಿಗಳು. ಹೊರ ಆಕಾರಕ್ಕೆ ಅಚ್ಚು ಮಾಡುವುದು ಸುಲಭ. ಒಳಗಿನ ಈ ಟೊಳ್ಳುಗಳನ್ನು ಮಾಡುವುದು ಹೇಗೆ?

ಒಂದೊಂದು ಟೊಳ್ಳನ್ನೂ ಮೊದಲು ಮರಳಿನಲ್ಲಿ ಗಟ್ಟಿ ವಸ್ತುವಾಗಿ ಮಾಡುತ್ತಾರೆ. ಅದೇ ಕೋರ್. ಸಣ್ಣ ಸಿಲಿಕಾ ಮರಳಿಗೆ ಎರಡು ಬಗೆಯ ರೆಸಿನ್ ಕಲಸಿ, ಲೋಹದ ಪೆಟ್ಟಿಗೆಯೊಳಕ್ಕೆ ಗಾಳಿಯ ಒತ್ತಡದಲ್ಲಿ ತುಂಬಿ, ಅಮೀನ್ ಆವಿ ಹಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಮರಳು ಗಟ್ಟಿಯಾಗುತ್ತದೆ. ಫೌಂಡ್ರಿಯ ಕೋರ್ ವಿಭಾಗಕ್ಕೆ ಕಾಲಿಟ್ಟ ಕೂಡಲೇ ಒಣಮೀನಿನಂಥ ವಾಸನೆ ಬಂದರೆ ಅದು ಈ ಅಮೀನಿನದು. ವಾಟರ್ ಜಾಕೆಟ್‌ನ ಕೋರ್ ಎಲ್ಲಕ್ಕಿಂತ ಸೂಕ್ಷ್ಮ: ನಾಲ್ಕು ಸಿಲಿಂಡರ್‌ಗಳನ್ನು ಸುತ್ತುವರಿದು ನಿಲ್ಲುವ, ಕೆಲವೇ ಮಿ.ಮೀ. ದಪ್ಪದ ಮರಳಿನ ಗೋಡೆ. ಕೈಯಲ್ಲಿ ಎತ್ತುವಾಗ ಸ್ವಲ್ಪ ಎಚ್ಚರ ತಪ್ಪಿದರೂ ಮುರಿಯುತ್ತದೆ. ಇಂಥ ಹಲವು ಕೋರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಶಾಖ ತಡೆಯುವ ಲೇಪದಲ್ಲಿ ಅದ್ದಿ, ಒಣಗಿಸಿ, ಹೊರ ಅಚ್ಚಿನೊಳಗೆ ಕೂರಿಸುತ್ತಾರೆ. ಹೊರ ಅಚ್ಚಿನ ಮರಳಿಗೆ ರೆಸಿನ್ ಇಲ್ಲ. ಬೆಂಟೋನೈಟ್ ಜೇಡಿ, ನೀರು, ಕಲ್ಲಿದ್ದಲ ಪುಡಿ ಸೇರಿಸಿ ಯಂತ್ರದಲ್ಲಿ ಒತ್ತಿದ ಮರಳು ಅದು.

ಈಗ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನ ಕಬ್ಬಿಣ ಒಳಗೆ ಹರಿಯುತ್ತದೆ, ಅರ್ಧ ನಿಮಿಷದ ಒಳಗೆಲ್ಲ ಅಚ್ಚು ತುಂಬಿರುತ್ತದೆ. ಆ ಅರ್ಧ ನಿಮಿಷದಲ್ಲಿ ಏನೇನು ಕೆಡಬಹುದು ಎಂದು ತಿಳಿದರೆ ಒಂದು ಒಳ್ಳೆಯ ಬ್ಲಾಕಿನ ಮೇಲೆ ಗೌರವ ಹುಟ್ಟುತ್ತದೆ. ಕಬ್ಬಿಣಕ್ಕಿಂತ ಮರಳು ಬಹಳ ಹಗುರ, ಆದ್ದರಿಂದ ಕೋರ್ ತೇಲಿ ಮೇಲೇಳಲು ನೋಡುತ್ತದೆ. ಅದು ಒಂದು ಮಿ.ಮೀ. ಸರಿದರೂ ಒಂದು ಕಡೆ ಸಿಲಿಂಡರ್ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ತೆಳುವಾದ ಕಡೆ ಹೆಚ್ಚು ಬಾಗುತ್ತದೆ, ಬೇರೆ ರೀತಿ ಕಾಯುತ್ತದೆ, ಬೋರ್ ದುಂಡಗಿರುವುದಿಲ್ಲ. ಕೋರಿನ ರೆಸಿನ್ ಉರಿದು ಗ್ಯಾಸ್ ಏಳುತ್ತದೆ. ಅದಕ್ಕೆ ಹೊರಹೋಗುವ ದಾರಿ ಇಡದಿದ್ದರೆ ಗುಳ್ಳೆಯಾಗಿ ಲೋಹದೊಳಗೇ ಸಿಕ್ಕಿಕೊಂಡು ತೂತಾಗಿ ಉಳಿಯುತ್ತದೆ. ಗೋಡೆ ತೀರ ತೆಳುವಾಗಿದ್ದರೆ ಕಬ್ಬಿಣ ಬೇಗ ತಣಿದು ಇಂಗಾಲ ಗ್ರಾಫೈಟ್ ಆಗುವ ಬದಲು ಕಾರ್ಬೈಡ್ ಆಗುತ್ತದೆ. ಆ ಜಾಗ ಗಾಜಿನಂತೆ ಗಟ್ಟಿ, ಡ್ರಿಲ್ ಮುರಿಯುತ್ತದೆ. ಇದನ್ನು ತಡೆಯಲು ಹೊಯ್ಯುವ ಮೊದಲು ಫೆರೋಸಿಲಿಕಾನ್ ಪುಡಿ ಸೇರಿಸುತ್ತಾರೆ. ಸರಿಯಾಯಿತೇ ಎಂದು ನೋಡುವ ಹಳೆಯ ವಿಧಾನ ಇಂದಿಗೂ ಇದೆ: ಬೆಣೆಯಾಕಾರದ ಸಣ್ಣ ತುಂಡೊಂದನ್ನು ಎರಕ ಹೊಯ್ದು, ತಣಿಸಿ, ಸುತ್ತಿಗೆಯಲ್ಲಿ ಮುರಿದು ನೋಡುವುದು. ಚೂಪು ತುದಿಯಿಂದ ಬಿಳಿ ಬಣ್ಣ ಎಷ್ಟು ದೂರ ಬಂದಿದೆ, ಬೂದು ಬಣ್ಣ ಎಲ್ಲಿ ಶುರುವಾಗಿದೆ ಎಂದು ನೋಡಿದರೆ ಅನುಭವಿಗೆ ಇಡೀ ಕರಗಿನ ಗುಣ ತಿಳಿಯುತ್ತದೆ.

ಕಬ್ಬಿಣದ ಶಾಖಕ್ಕೆ ಕೋರಿನ ರೆಸಿನ್ ಸುಟ್ಟುಹೋಗಿ ಮರಳು ಮತ್ತೆ ಪುಡಿಯಾಗುತ್ತದೆ. ಬ್ಲಾಕನ್ನು ಅಚ್ಚಿನೊಳಗೇ ಕೆಲವು ಗಂಟೆ ನಿಧಾನವಾಗಿ ತಣಿಯಲು ಬಿಡುತ್ತಾರೆ. ಅವಸರ ಮಾಡಿದರೆ ದಪ್ಪ ಭಾಗ, ತೆಳು ಭಾಗ ಬೇರೆ ಬೇರೆ ವೇಗದಲ್ಲಿ ಕುಗ್ಗಿ ಒಳಗೆ ಬಿಗುವು ಉಳಿದುಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಬ್ಲಾಕ್ ತನ್ನಷ್ಟಕ್ಕೇ ಬಾಗುತ್ತಿರುತ್ತದೆ. ತಣಿದ ಮೇಲೆ ಅಲುಗಿಸಿ ಮರಳು ಉದುರಿಸುತ್ತಾರೆ. ಜಾಕೆಟ್ ಒಳಗಿನ ಮರಳು ಹೊರಬರಲು ದಾರಿ ಬೇಕಲ್ಲ? ನಿಮ್ಮ ಕಾರಿನ ಬ್ಲಾಕಿನ ಪಕ್ಕದಲ್ಲಿ ಮೂರ್ನಾಲ್ಕು ಸೆಂ.ಮೀ. ಅಗಲದ, ಬಟ್ಟಲಿನಂತೆ ಒಳಗೆ ತಗ್ಗಾದ ದುಂಡು ತಗಡುಗಳ ಸಾಲು ಇರಬಹುದು. ನಮ್ಮ ಮೆಕ್ಯಾನಿಕ್‌ಗಳು ಅದಕ್ಕೆ ವೆಲ್ಚ್ ಪ್ಲಗ್ ಅನ್ನುತ್ತಾರೆ. ವಾಟರ್ ಜಾಕೆಟ್‌ನ ಕೋರನ್ನು ಎರಕದ ಹೊತ್ತಿನಲ್ಲಿ ಹಿಡಿದು ನಿಲ್ಲಿಸಿದ್ದ ಕಾಲುಗಳು ಹಾದು ಬಂದ ತೂತುಗಳು ಅವು. ಮರಳು ಹೊರಬಂದದ್ದೂ ಅಲ್ಲಿಂದಲೇ. ಕೆಲಸ ಮುಗಿದ ಮೇಲೆ ತಗಡು ಬಡಿದು ಮುಚ್ಚಿದ್ದಾರೆ. ಹಳೆಯ ಕಾರಿನಲ್ಲಿ ಕೂಲಂಟ್ ಕಡಿಮೆಯಾಗುತ್ತಿದ್ದರೆ ಈ ತಗಡಿನ ಅಂಚಿನಲ್ಲಿ ತುಕ್ಕಿನ ಗೆರೆ ಇದೆಯೇ ನೋಡುವುದು ಒಳ್ಳೆಯದು. ಬರಿ ನಲ್ಲಿ ನೀರು ಹಾಕಿ ಓಡಿಸಿದ ಎಂಜಿನ್‌ಗಳಲ್ಲಿ ಇದು ಬಹಳ.

ಇಷ್ಟು ದೊಡ್ಡ ಟೊಳ್ಳು ವಸ್ತುವನ್ನು ಒಂದೇ ಎರಕದಲ್ಲಿ ಹೊಯ್ಯುವುದು ಆರಂಭದಲ್ಲಿ ದೊಡ್ಡ ಸಾಹಸವಾಗಿತ್ತು. ಮೊದಮೊದಲ ಕಾರುಗಳಲ್ಲಿ ಸಿಲಿಂಡರ್‌ಗಳನ್ನು ಒಂದೊಂದಾಗಿ ಇಲ್ಲವೇ ಜೋಡಿಯಾಗಿ ಎರಕ ಹೊಯ್ದು ಕ್ರ್ಯಾಂಕ್ ಕೋಣೆಗೆ ಬೋಲ್ಟ್ ಹಾಕುತ್ತಿದ್ದರು. 1908ರ ಫೋರ್ಡ್ ಮಾಡೆಲ್ ಟಿಯಲ್ಲಿ ನಾಲ್ಕು ಸಿಲಿಂಡರ್ ಮತ್ತು ಕ್ರ್ಯಾಂಕ್ ಕೋಣೆಯ ಮೇಲ್ಭಾಗ ಒಂದೇ ಎರಕವಾಗಿ ಬಂದವು. 1932ರಲ್ಲಿ ಅದೇ ಕಂಪನಿ ವಿ8 ಎಂಜಿನ್ನಿನ ಬ್ಲಾಕನ್ನೂ ಒಂದೇ ಎರಕದಲ್ಲಿ ಹೊಯ್ದು ಸಾಮಾನ್ಯರ ಕಾರಿಗೆ ಹಾಕಿತು. ಮೊದಲ ದಿನಗಳಲ್ಲಿ ಬಹಳಷ್ಟು ಬ್ಲಾಕ್‌ಗಳು ಕೆಟ್ಟು ಮತ್ತೆ ಕುಲುಮೆಗೇ ಹೋದವು. ಸೋತಿದ್ದು ಕೋರ್ ಸರಿಯುವ ಇದೇ ತೊಂದರೆಯಲ್ಲಿ.

ನಮ್ಮ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಇದೆ. ಅದಿರಿನಿಂದ ಬೀಡು ಕಬ್ಬಿಣ ತೆಗೆಯುವ ಕುಲುಮೆಯೂ ಅಲ್ಲೇ, ಟ್ರ್ಯಾಕ್ಟರ್ ಮತ್ತಿತರ ವಾಹನಗಳ ಸಿಲಿಂಡರ್ ಬ್ಲಾಕ್, ಹೆಡ್ ಎರಕ ಹೊಯ್ಯುವ ಫೌಂಡ್ರಿಯೂ ಅಲ್ಲೇ. ಅದಿರಿನಿಂದ ಬ್ಲಾಕಿನವರೆಗಿನ ದಾರಿ ಒಂದೇ ಊರಿನಲ್ಲಿ ಮುಗಿಯುವುದು ಅಪರೂಪ.

ಅಲ್ಯೂಮಿನಿಯಂ ಬ್ಲಾಕಿನ ದಾರಿ ಬೇರೆ. ಲಕ್ಷಗಟ್ಟಲೆ ಬ್ಲಾಕ್ ಬೇಕಾದಾಗ ಮರಳನ್ನು ಬಿಟ್ಟು ಉಕ್ಕಿನ ಅಚ್ಚಿಗೆ ಹೋಗುತ್ತಾರೆ. ಕಬ್ಬಿಣದ ಲೈನರ್‌ಗಳನ್ನು ಅಚ್ಚಿನೊಳಗೆ ಕೂರಿಸಿ, ಅಚ್ಚಿನ ಎರಡು ಭಾಗಗಳನ್ನು ಎರಡು ಸಾವಿರ ಟನ್ ದಾಟಿದ ಬಲದಲ್ಲಿ ಒತ್ತಿ ಹಿಡಿದು, ಕರಗಿದ ಅಲ್ಯೂಮಿನಿಯಮ್ಮನ್ನು ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಒಳಕ್ಕೆ ತಳ್ಳುತ್ತಾರೆ. ಲೈನರಿನ ಹೊರಮೈಯನ್ನು ಬೇಕೆಂದೇ ಮುಳ್ಳುಮುಳ್ಳಾಗಿ ಬಿಟ್ಟಿರುತ್ತಾರೆ, ಅಲ್ಯೂಮಿನಿಯಂ ಅದನ್ನು ಕಚ್ಚಿ ಹಿಡಿಯಲಿ ಎಂದು. ಈ ವೇಗದ ಒತ್ತಡಕ್ಕೆ ಮಾಮೂಲಿ ಮರಳಿನ ಕೋರ್ ತಡೆಯುವುದಿಲ್ಲ. ಹಾಗಾಗಿ ವಾಟರ್ ಜಾಕೆಟ್ ಕೂಡ ಉಕ್ಕಿನ ಅಚ್ಚಿನಿಂದಲೇ ಆಗಬೇಕು, ಆ ಉಕ್ಕು ಆಮೇಲೆ ಮೇಲಿನಿಂದ ಹೊರಗೆ ಜಾರಿ ಬರಬೇಕು. ಇದರಿಂದ ಬ್ಲಾಕಿನ ಮೇಲ್ಭಾಗದಲ್ಲಿ ಜಾಕೆಟ್ ಬಾಯಿ ತೆರೆದೇ ಇರುತ್ತದೆ. ಸಿಲಿಂಡರ್‌ಗಳ ತಲೆ ಹೊರಗೋಡೆಗೆ ಸೇರದೆ ಒಂಟಿಯಾಗಿ ನಿಂತಿರುತ್ತದೆ. ಇದು ಓಪನ್ ಡೆಕ್. ಸಾಧಾರಣ ಪೆಟ್ರೋಲ್ ಎಂಜಿನ್ನಿಗೆ ಸಾಕು, ಮೇಲ್ಭಾಗಕ್ಕೆ ಕೂಲಂಟ್ ಚೆನ್ನಾಗಿ ತಲುಪುತ್ತದೆ. ದೊಡ್ಡ ಟರ್ಬೊ ಒತ್ತಡ ಬಂದರೆ ತಲೆ ಅಲುಗಾಡುತ್ತದೆ. ಆಗ ಮೇಲ್ಭಾಗ ಮುಚ್ಚಿದ ಬ್ಲಾಕ್ ಬೇಕು, ಅದಕ್ಕೆ ಮತ್ತೆ ಮರಳಿನ ಕೋರ್, ನಿಧಾನದ ಎರಕ, ಹೆಚ್ಚಿನ ಖರ್ಚು. ಎಂಜಿನ್ನಿನ ಗಟ್ಟಿತನ ಎಷ್ಟಿರಬಹುದು ಅನ್ನುವುದನ್ನು ಎಷ್ಟೋ ಸಲ ಎರಕದ ವಿಧಾನವೇ ನಿರ್ಧರಿಸಿಬಿಟ್ಟಿರುತ್ತದೆ.

ಹೋನಿಂಗ್ ಎಂಬ ಕೊನೆಯ ಹಂತ

ಎರಕದ ಬ್ಲಾಕ್ ಮಷಿನ್ ಶಾಪಿಗೆ ಬಂದಾಗ ಮೊದಲ ಪ್ರಶ್ನೆ, ಎಲ್ಲಿಂದ ಅಳೆಯುವುದು ಎಂಬುದು. ಹೊರಮೈ ನೋಡಿ ಅಳೆದರೆ ಒಳಗೆ ಕೋರ್ ಸ್ವಲ್ಪ ಸರಿದಿದ್ದಾಗ ಬೋರ್ ಪಕ್ಕಕ್ಕೆ ಬಿದ್ದು ಗೋಡೆ ತೆಳುವಾಗುತ್ತದೆ. ಆದ್ದರಿಂದ ಎರಕದಲ್ಲೇ ಬಂದ ಒರಟು ಬೋರ್‌ಗಳನ್ನು ಆಧಾರವಾಗಿಟ್ಟುಕೊಂಡು ಮೊದಲ ಕಟ್ ಹಾಕುತ್ತಾರೆ. ಆಮೇಲೆ ಮೇಲ್ಮೈ, ಬದಿ, ಬೋಲ್ಟ್ ತೂತುಗಳು, ಉದ್ದಕ್ಕೆ ಕೊರೆಯುವ ಆಯಿಲ್ ದಾರಿಯಾದ ಆಯಿಲ್ ಗ್ಯಾಲರಿ. ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಪೂರ್ತಿ ಟಾರ್ಕ್‌ನಲ್ಲಿ (ಬೋಲ್ಟ್ ತಿರುಗಿಸುವ ಬಲದಲ್ಲಿ) ಬಿಗಿದು, ಐದೂ ಬೇರಿಂಗ್ ತೂತುಗಳನ್ನು ಒಂದೇ ಸಲ ಒಂದೇ ಸರಳಿನಲ್ಲಿ ಬೋರ್ ಮಾಡುತ್ತಾರೆ. ಹಾಗಾಗಿಯೇ ಕ್ಯಾಪ್‌ಗಳ ಮೇಲೆ ನಂಬರ್, ಬಾಣದ ಗುರುತು. ಎರಡನೆಯದನ್ನು ಮೂರನೆಯ ಜಾಗಕ್ಕೆ ಹಾಕಿದರೆ ಆ ನೇರ ಸಾಲು ಹೋಯಿತು.

ಕೊನೆಗೆ ಹೋನಿಂಗ್. ಸಾಣೆ ಕಲ್ಲುಗಳಿರುವ ತಲೆಯೊಂದು ತಿರುಗುತ್ತಾ ಮೇಲೆ ಕೆಳಗೆ ಓಡಾಡಿ ಬೋರಿನ ಗೋಡೆಯಲ್ಲಿ ಒಂದನ್ನೊಂದು ದಾಟುವ ಓರೆ ಗೀರುಗಳನ್ನು ಬಿಡುತ್ತದೆ. ಗೋಡೆ ಕನ್ನಡಿಯಂತೆ ನುಣುಪಾದರೆ ಆಯಿಲ್ ನಿಲ್ಲುವುದಿಲ್ಲ. ಈ ಗೀರುಗಳಲ್ಲೇ ಆಯಿಲ್ ಉಳಿಯುವುದು. ಮೊದಲು ಆಳದ ಗೀರು, ಬಳಿಕ ಮೃದು ಕಲ್ಲಿನಿಂದ ಗೀರುಗಳ ನಡುವಿನ ತುದಿಗಳನ್ನು ಮಟ್ಟ ಮಾಡುವುದು. ಆಗ ರಿಂಗ್ ಜಾರಲು ಮಟ್ಟಸ ನೆಲ, ಆಯಿಲ್ ನಿಲ್ಲಲು ಕಾಲುವೆ ಎರಡೂ ಸಿಗುತ್ತವೆ.

ಬೋಲ್ಟ್ ಬಿಗಿದರೆ ಬೋರ್ ಬಗ್ಗುತ್ತದೆ ಎಂದೆನಲ್ಲ, ಅದಕ್ಕೆ ನೇರವಾದ ಮದ್ದು ಇರುವುದೂ ಈ ಹಂತದಲ್ಲೇ. ಹೆಡ್ ಬದಲು ಅಷ್ಟೇ ಗಟ್ಟಿಯಾದ ದಪ್ಪ ಲೋಹದ ಹಲಗೆಯೊಂದನ್ನು, ಸಿಲಿಂಡರ್‌ಗಳ ಜಾಗದಲ್ಲಿ ತೂತು ಬಿಟ್ಟು, ಹೆಡ್ಡಿನಷ್ಟೇ ಟಾರ್ಕ್‌ನಲ್ಲಿ ಬ್ಲಾಕಿಗೆ ಬಿಗಿಯುತ್ತಾರೆ; ಇದೇ ಟಾರ್ಕ್ ಪ್ಲೇಟ್. ಬೋರ್ ಬಗ್ಗುತ್ತದೆ. ಬಗ್ಗಿದ ಸ್ಥಿತಿಯಲ್ಲೇ ಅದನ್ನು ದುಂಡಗೆ ಹೋನ್ ಮಾಡುತ್ತಾರೆ. ಹಲಗೆ ಬಿಚ್ಚಿದರೆ ಬೋರ್ ಮೈಕ್ರಾನ್ ಲೆಕ್ಕದಲ್ಲಿ ಸೊಟ್ಟಗಾಗುತ್ತದೆ, ನಿಜವಾದ ಹೆಡ್ ಬಿಗಿದ ಕೂಡಲೇ ಮತ್ತೆ ದುಂಡಗಾಗುತ್ತದೆ. ಆಮೇಲೆ ತೊಳೆದು, ಜಾಕೆಟ್‌ಗೂ ಆಯಿಲ್ ದಾರಿಗೂ ಗಾಳಿ ತುಂಬಿ ಸೋರಿಕೆ ನೋಡಿ, ಪ್ರತಿ ಬೋರ್ ಅಳೆದು, ಅಳತೆಗೆ ತಕ್ಕ ಪಿಸ್ಟನ್ ಹೊಂದಿಸುತ್ತಾರೆ.

ಹಳೆಯ ಎಂಜಿನ್ ಬೋರ್ ಮಾಡಿಸುವವರಿಗೂ ಇದು ಬೇಕಾದ ಮಾತು. ಕಬ್ಬಿಣದ ಬ್ಲಾಕಿಗೆ, ಒಳ್ಳೆಯ ದಪ್ಪದ ಲೈನರ್ ಇರುವ ಬ್ಲಾಕಿಗೆ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ಸಿಂಪಡಿಸಿದ ಲೇಪ ಇರುವ ಬ್ಲಾಕನ್ನು ಮಾಮೂಲಿ ಬೋರಿಂಗ್ ಅಂಗಡಿಗೆ ಕೊಟ್ಟರೆ ಲೇಪವೇ ಹೋಗುತ್ತದೆ. ಕೆಲಸಕ್ಕೆ ಕೊಡುವ ಮೊದಲು ಮೂರು ವಿಷಯ ಕೇಳಿ: ಟಾರ್ಕ್ ಪ್ಲೇಟ್ ಕಟ್ಟಿ ಹೋನ್ ಮಾಡುತ್ತಾರೆಯೇ, ಬೋರನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ, ಎರಡೆರಡು ದಿಕ್ಕಿನಲ್ಲಿ ಅಳೆದು ಬರೆದು ಕೊಡುತ್ತಾರೆಯೇ, ಹೋನಿಂಗ್ ಆದ ಮೇಲೆ ಬ್ಲಾಕನ್ನು ಬಿಸಿ ಸೋಪು ನೀರಿನಲ್ಲಿ ಉಜ್ಜಿ ತೊಳೆಯುತ್ತಾರೆಯೇ. ಬರಿ ಪೆಟ್ರೋಲ್ ಅಥವಾ ಡೀಸೆಲ್‌ನಲ್ಲಿ ಒರೆಸಿದರೆ ಗೀರುಗಳೊಳಗೆ ಸಿಕ್ಕಿದ ಸಾಣೆ ಪುಡಿ ಪೂರ್ತಿ ಹೊರಬರುವುದಿಲ್ಲ, ಹೊಸ ರಿಂಗ್‌ಗಳು ಬೇಗನೆ ಸವೆದುಹೋಗುತ್ತವೆ.